ಮೂಗನ್ನೇ ನಂಬಿದ ಸಂಸಾರ

ಪುರಾಣಪ್ಪನ ಮೂಗು ನೋಡಲು ಅಂಥ ವಿಶೇಷದ್ದೇನಲ್ಲ. ತುದಿ ಸ್ವಲ್ಪ ದಪ್ಪ, ಎಡಗಡೆ ಒಂದು ಹಳೆಯ ಗಾಯದ ಗುರುತು. ಬಸ್‌ಸ್ಟ್ಯಾಂಡಿನಲ್ಲಿ ಒಂದು ಗಂಟೆ ನಿಂತರೆ ಇಂಥ ನಲವತ್ತು ಮೂಗುಗಳನ್ನು ನೋಡಬಹುದು. ಆದರೆ ಟ್ರಾವೆಲ್ಸ್ ಆಫೀಸಿನ ಗಾಜಿಗೆ ಅಂಟಿಸಿದ ಪೋಸ್ಟರಿನಲ್ಲಿ ಅದೇ ಮೂಗು ಎರಡಡಿ ಉದ್ದಕ್ಕೆ ನಿಂತಿದೆ. ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ ಹೀಗಿದೆ: ‘ವಾಸನೆಯ ದಾರಿ. ಬೆಟ್ಟ, ಕೆರೆ, ವಿಸ್ಕಿ ಭಟ್ಟಿ. ಒಂದು ದಿನ, ಒಂದು ವ್ಯಾನು, ನೀವು ಮತ್ತು ನಿಮ್ಮವರು ಮಾತ್ರ. ನಮ್ಮ ಗೈಡಿನ ಮೂಗು ನಿಮ್ಮನ್ನು ಕರೆದೊಯ್ಯುತ್ತದೆ.’

ಆ ಮೂಗಿಗೆ ವಾಸನೆ ಎಂಬುದು ತಿಳಿಯದೆ ಎರಡು ವರ್ಷವಾಗಿತ್ತು. ಈ ಸಂಗತಿ ಗೊತ್ತಿರುವುದು, ಡಾಕ್ಟರನ್ನು ಬಿಟ್ಟರೆ, ಲೋಕದಲ್ಲಿ ತನಗೊಬ್ಬನಿಗೇ ಎಂದು ಪುರಾಣಪ್ಪ ನಂಬಿದ್ದ.

ಪುರಾಣಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ‘ಟೈಮೆಷ್ಟು’ ಎಂದು ಕೇಳಿದರೆ ಗಡಿಯಾರ ಕಂಡುಹಿಡಿದವನಿಂದ ಶುರುಮಾಡುವ ಅವನ ಚಾಳಿಗೆ ಜೊತೆಯ ಡ್ರೈವರುಗಳು ಇಟ್ಟ ಹೆಸರು. ವಯಸ್ಸಿನಲ್ಲಿದ್ದಾಗ ಅವನು ಅದೇ ವಿಸ್ಕಿ ಭಟ್ಟಿಯ ಗೋದಾಮಿನಲ್ಲಿ ಪೀಪಾಯಿ ಉರುಳಿಸುತ್ತಿದ್ದ. ಹನ್ನೊಂದು ವರ್ಷ ಉರುಳಿಸಿದ. ಅಲ್ಲಿ ವಿಸ್ಕಿ ಬೆರೆಸಿ ಹದ ಮಾಡುವ ಒಬ್ಬ ಮುದುಕ ಯಜಮಾನರಿದ್ದರು. ಪೀಪಾಯಿಯ ಬಿರಡೆ ತೆಗೆದು, ಮೂಸಿ, ‘ಇದಕ್ಕೆ ಇನ್ನೂ ಮೂರು ಚಳಿಗಾಲ ಬೇಕು’ ಎಂದು ಹೇಳುವುದೇ ಅವರ ಕೆಲಸ. ಈ ಹುಡುಗನ ಮೂಗಿನಲ್ಲಿ ಏನೋ ಇದೆ ಎಂದು ಅವರಿಗೆ ಅನ್ನಿಸಿ, ಬಿಡುವಿದ್ದಾಗಲೆಲ್ಲ ಕರೆದು ಕಲಿಸಿದರು. ಮೂಗು ನಿಜವಾಗಿಯೂ ಒಳ್ಳೆಯದಿತ್ತು. ಸುಳ್ಳು ಹೇಳಬಾರದು, ಆ ಕಾಲದಲ್ಲಿ ಪುರಾಣಪ್ಪ ಕಣ್ಣು ಮುಚ್ಚಿಕೊಂಡೇ ಯಾವ ಪೀಪಾಯಿ ಗೋಡೆಯ ಪಕ್ಕದ್ದು, ಯಾವುದು ಕಿಟಕಿಯ ಪಕ್ಕದ್ದು ಎಂದು ಹೇಳಬಲ್ಲವನಾಗಿದ್ದ.

ಆಮೇಲೆ ಬೆನ್ನು ಕೈಕೊಟ್ಟಿತು. ಪೀಪಾಯಿ ಉರುಳಿಸುವವನಿಗೆ ಬೆನ್ನಿಲ್ಲದ ಮೇಲೆ ಮೂಗಿದ್ದು ಏನು ಬಂತು? ಅಷ್ಟು ಹೊತ್ತಿಗೆ ಹೆಂಡತಿಯ ತಮ್ಮ ಒಂದು ಹಳೆಯ ವ್ಯಾನು ಕೊಂಡು ಟ್ರಾವೆಲ್ಸ್ ಶುರುಮಾಡಿದ್ದ. ಭಾವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದ. ಬಾಯಿದ್ದವನು ಬರಗಾಲದಲ್ಲೂ ಬದುಕಿಯಾನು ಎಂಬ ಗಾದೆ ಇದೆಯಲ್ಲ, ಪುರಾಣಪ್ಪನಿಗೆ ಬಾಯಿಯ ಜೊತೆ ಮೂಗೂ ಇತ್ತು. ವ್ಯಾನು ಓಡಿಸುತ್ತ ಓಡಿಸುತ್ತ ಅವನೇ ಗೈಡಾದ, ಗೈಡೇ ಆಕರ್ಷಣೆಯಾದ. ಒಂದು ವ್ಯಾನು ನಾಲ್ಕಾಯಿತು. ಪ್ರವಾಸಿಗರು ‘ಆ ಮೂಗಿನವರೇ ಬೇಕು’ ಎಂದು ಕೇಳಿ ಬರತೊಡಗಿದರು.

ಹಾಗಿರುವಾಗ ಒಂದು ಜ್ವರ ಬಂತು. ಹತ್ತು ದಿನ ಮಲಗಿಸಿ ಹೋಯಿತು. ಹೋಗುವಾಗ ಮೂಗಿನಲ್ಲಿದ್ದದ್ದನ್ನೆಲ್ಲ ಗುಡಿಸಿಕೊಂಡು ಹೋಯಿತು. ಡಾಕ್ಟರು ಮೂಗಿನೊಳಗೆ ದೀಪ ಹಾಕಿ ನೋಡಿ, “ಬರಬಹುದು, ಬರದೇನೂ ಇರಬಹುದು” ಎಂದರು. ಇಷ್ಟು ಹೇಳಲು ಅಷ್ಟೊಂದು ಓದಬೇಕಿತ್ತೇ ಎಂದು ಪುರಾಣಪ್ಪನಿಗೆ ಅನ್ನಿಸಿತು.

ಅವನು ಮೋಸಗಾರನಲ್ಲ. ಇರುವ ವಿಷಯ ಹೇಳಿಬಿಡೋಣವೆಂದೇ ಆಫೀಸಿಗೆ ಹೋದ. ಅವತ್ತೇ ಪ್ರೆಸ್ಸಿನಿಂದ ಪೋಸ್ಟರ್ ಬಂದಿತ್ತು. ಭಾವಮೈದ ಏಣಿ ಹತ್ತಿ, ಬಾಯಲ್ಲಿ ಟೇಪಿನ ತುಂಡು ಕಚ್ಚಿಕೊಂಡು, ಅದನ್ನು ಗಾಜಿಗೆ ಅಂಟಿಸುತ್ತಿದ್ದ. “ಭಾವ, ನೇರವಾಗಿದೆಯಾ ನೋಡಿ!” ಎಂದ. ಪುರಾಣಪ್ಪ ತನ್ನ ಎರಡಡಿ ಮೂಗನ್ನು ನೋಡಿದ. ಅದರ ಹಿಂದೆ ನಾಲ್ಕು ವ್ಯಾನು, ಮೂರು ಡ್ರೈವರುಗಳ ಸಂಸಾರ, ಮಾವನವರ ಔಷಧಿ ಎಲ್ಲ ಸಾಲಾಗಿ ನಿಂತ ಹಾಗೆ ಕಂಡಿತು. “ಎಡಗಡೆ ಸ್ವಲ್ಪ ಮೇಲಕ್ಕೆತ್ತು” ಎಂದು ಹೇಳಿ ಮನೆಗೆ ಬಂದ.

ಮನೆಯಲ್ಲಿ ಹೇಳಬಹುದಿತ್ತು. ಆದರೆ ಅಕ್ಕ ತಮ್ಮ ದಿನಕ್ಕೆ ಎರಡು ಸಲ ಫೋನಿನಲ್ಲಿ ಮಾತಾಡುವವರು. ಅಕ್ಕನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ತಮ್ಮನ ಬಾಯಲ್ಲಿರುತ್ತಿತ್ತು. ಅಲ್ಲದೆ ಮೂಗಿಲ್ಲದ ಪುರಾಣಪ್ಪ ಎಂದರೆ ಯಾರು? ಬೆನ್ನು ನೋವಿನ, ಐವತ್ತೆಂಟು ವರ್ಷದ, ಸ್ಟೇಷನ್ನಿನಿಂದ ಹೋಟೆಲಿಗೆ ಸೂಟ್‌ಕೇಸ್ ಸಾಗಿಸುವ ಒಬ್ಬ ಡ್ರೈವರು. ಆ ಮನುಷ್ಯನ ಪರಿಚಯ ಅವನಿಗೆ ಬೇಕಿರಲಿಲ್ಲ. ಹೀಗಾಗಿ ಹೆಂಡತಿಗೂ ಹೇಳಲಿಲ್ಲ.

ಕೆಲಸವೇನೂ ಕಷ್ಟವಾಗಲಿಲ್ಲ, ಅದೇ ಆಶ್ಚರ್ಯ. ದಾರಿ ಅದೇ ದಾರಿ. ಮೂರನೆಯ ತಿರುವಿನಲ್ಲಿ ಪೈನ್ ಮರ, ಮರದ ಕೆಳಗೆ ಅಂಟಿನ ವಾಸನೆ. ಕೆರೆಯ ದಂಡೆಯಲ್ಲಿ ಪಾಚಿ. ಮೋಡ ಕಂಡರೆ ಮಳೆಯ ವಾಸನೆ. ಭಟ್ಟಿಯಲ್ಲಿ ಇನ್ನೂ ಸುಲಭ. ಅಲ್ಲಿ ಗ್ಲಾಸು ತೊಳೆದು ಜೋಡಿಸುವ ಹೆಂಗಸು, ಎಲ್ಲರೂ ಗ್ಲಾಸಕ್ಕ ಎಂದೇ ಕರೆಯುವವಳು, ಹತ್ತೊಂಬತ್ತು ವರ್ಷದಿಂದ ಟ್ರೇಯಲ್ಲಿ ಎಡದಿಂದ ಬಲಕ್ಕೆ ಒಂದೇ ಕ್ರಮದಲ್ಲಿ ನಾಲ್ಕು ವಿಸ್ಕಿ ಇಡುತ್ತಿದ್ದಳು. ಚಿಕ್ಕ ವಯಸ್ಸಿನದು ಮೊದಲು, ಇಪ್ಪತ್ತೊಂದು ವರ್ಷದ್ದು ಕೊನೆಗೆ. ಗ್ಲಾಸು ಎತ್ತಬೇಕು, ಕಣ್ಣು ಮುಚ್ಚಬೇಕು, ಮನಸ್ಸಿನಲ್ಲೇ ಏಳರವರೆಗೆ ಎಣಿಸಬೇಕು, ಯಜಮಾನರು ಕಲಿಸಿದ್ದನ್ನು ಒಪ್ಪಿಸಬೇಕು. ಮುಖ್ಯವಾಗಿ, ಬಾಯಿಗೆ ಹಾಕಿ ನೋಡಿ ಎಂದು ಯಾರೂ ಒತ್ತಾಯಿಸುವಂತಿರಲಿಲ್ಲ. ಓಡಿಸುವವನು ಮೂಸಬಹುದು, ಕುಡಿಯಬಾರದು. ಅದು ಕಾನೂನು. ಎಷ್ಟೋ ಕಾನೂನುಗಳು ಬಡವನನ್ನು ಹಿಡಿಯಲೆಂದೇ ಹುಟ್ಟುತ್ತವೆ, ಇದೊಂದು ಮಾತ್ರ ಅವನನ್ನು ಕಾಪಾಡಲು ಹುಟ್ಟಿತ್ತು.

ಒಂದು ದಿನ ಬೆಳಿಗ್ಗೆ ಅವನು ಎದ್ದಾಗ ಹೆಂಡತಿ ಆಗಲೇ ಹೊರಟು ನಿಂತಿದ್ದಳು. ಅವಳದು ಬಂದರಿನ ಶೆಡ್ಡಿನಲ್ಲಿ ಮೀನು ಸೀಳಿ, ತೊಳೆದು, ಪೆಟ್ಟಿಗೆಗೆ ತುಂಬುವ ಕೆಲಸ. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು, “ಊಟ ಡಬ್ಬಿಯಲ್ಲಿದೆ, ಮರೀಬೇಡಿ” ಎಂದಳು. “ಇವತ್ತು ಯಾರು?”

“ಯಾರೋ ರಿಟೈರ್ಡ್ ಹೆಡ್‌ಮೇಡಂ, ಅವರ ತಮ್ಮ. ಇಬ್ಬರೇ. ತಮ್ಮ ವಿಸ್ಕಿ ವಿಷಯದಲ್ಲಿ ದೊಡ್ಡ ಪಂಡಿತ ಅಂತೆ.”

“ಹುಷಾರು” ಎಂದಳು. ಗುಂಡಿ ಬಿದ್ದ ರಸ್ತೆಗೆ ಹೇಳಿದಳೆಂದು ಅವನು ತಿಳಿದುಕೊಂಡ.

ಪಂಡಿತರಿಗೆ ಐವತ್ತೆರಡು ವರ್ಷ. ಅಕ್ಕನ ಬಾಯಲ್ಲಿ ಅವರು ಇನ್ನೂ ‘ಪುಟ್ಟ’. ಕೈಯಲ್ಲಿ ಚರ್ಮದ ಹೊದಿಕೆಯ ನೋಟ್‌ಬುಕ್ಕು, ಹೆಗಲಿನ ಚೀಲದಲ್ಲಿ ಮಖಮಲ್ಲಿನ ಸಂಚಿಯೊಳಗೆ ತಮ್ಮದೇ ಒಂದು ಗ್ಲಾಸು. ಬೇರೆ ಗ್ಲಾಸಿನಲ್ಲಿ ಮೂಸಿದರೆ ಅವರಿಗೆ ‘ಸರಿಯಾಗಿ ತೆರೆದುಕೊಳ್ಳುವುದಿಲ್ಲ’ವಂತೆ. ಹೆಡ್‌ಮೇಡಂ ಮಾತ್ರ ಒಂದು ಸ್ವೆಟರು, ಒಂದು ಫ್ಲಾಸ್ಕು ಹಿಡಿದು ವ್ಯಾನು ಹತ್ತಿದರು. “ನಂಗೆ ಕುಡಿಯೋ ಅಭ್ಯಾಸ ಇಲ್ಲಪ್ಪ. ಬೆಟ್ಟ ನೋಡೋಣ ಅಂತ ಬಂದೆ” ಎಂದರು.

ಊರು ದಾಟುತ್ತಿದ್ದಂತೆ ಹಸಿರು ಶುರುವಾಯಿತು. ಕಲ್ಲಿನ ಗಿಡ್ಡ ಗೋಡೆಗಳ ನಡುವೆ ಹೊಲ, ಹೊಲದ ಆಚೆ ಕುರಿ, ಕುರಿಗಳ ಆಚೆ ಮಂಜು ಹೊದ್ದ ಬೆಟ್ಟ. ಪುರಾಣಪ್ಪ ತನ್ನ ಲಯಕ್ಕೆ ಬಂದ. ಮುರಿದ ಸೇತುವೆಯ ಕಥೆ ಹೇಳಿದ, ಸೇತುವೆ ಕಟ್ಟಿದವನ ಹೆಂಡತಿಯ ಕಥೆ ಹೇಳಿದ. ಹುಲ್ಲಿನ ಬಯಲಿನ ಬಳಿ ಎಂದಿನಂತೆ ವ್ಯಾನು ನಿಲ್ಲಿಸಿ, ನಾಲ್ಕೂ ಕಿಟಕಿ ಇಳಿಸಿದ.

“ಈಗ ಮಾತು ಬೇಡ. ಮೂಗಿಗೆ ಕೆಲಸ ಕೊಡಿ” ಎಂದು ಎದೆಯುಬ್ಬಿಸಿ ಉಸಿರೆಳೆದ. “ಆಹಾ! ಈಗ ತಾನೇ ಕೊಯ್ದ ಹುಲ್ಲು. ಅದರ ಹಿಂದೆ ಜೇನು. ಬರ್ತಿದೆಯಾ?”

ಕನ್ನಡಿಯಲ್ಲಿ ನೋಡಿದರೆ ಅಕ್ಕ ತಮ್ಮ ಇಬ್ಬರೂ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡಿದ್ದರು. ಹೊಲದ ಆ ತುದಿಯಲ್ಲಿ ಟ್ರಾಕ್ಟರೊಂದು ಹಂದಿಯ ಗೊಬ್ಬರ ಎರಚುತ್ತಿದ್ದದ್ದು ಆಗ ಅವನ ಕಣ್ಣಿಗೆ ಬಿತ್ತು. ಆದರೆ ಹತ್ತೊಂಬತ್ತು ವರ್ಷದ ನಾಲಿಗೆ ಅಷ್ಟಕ್ಕೆಲ್ಲ ತಡವರಿಸುವುದಲ್ಲ.

“ಮೇಲಿನ ವಾಸನೆಗೆ ಹೆದರಬೇಡಿ ಸಾರ್” ಎಂದ. “ಅದು ಮಣ್ಣಿನ ಜೀವ. ಇದನ್ನು ಉಂಡೇ ಬಾರ್ಲಿ ಬೆಳೆಯೋದು. ಅನುಭವ ಇರೋ ಮೂಗು ಇದನ್ನು ದಾಟಿ ಹುಲ್ಲಿಗೆ ಹೋಗುತ್ತೆ.”

ಪುಟ್ಟ ಕರ್ಚೀಫು ತೆಗೆದರು. ಕಣ್ಣು ಮುಚ್ಚಿ ಹಂದಿಯ ಗೊಬ್ಬರವನ್ನು ಆಳವಾಗಿ ಎಳೆದುಕೊಂಡರು. “ಹೌದು, ಹಿಂದೆ ಜೇನಿದೆ” ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹೆಡ್‌ಮೇಡಂ ಕರ್ಚೀಫು ತೆಗೆಯಲಿಲ್ಲ. ಕರ್ಚೀಫಿನ ಮೇಲಿಂದ ಎರಡು ಕಣ್ಣುಗಳು ಪುರಾಣಪ್ಪನನ್ನು ಕನ್ನಡಿಯಲ್ಲಿ ನೋಡುತ್ತಿದ್ದವು. ಅವನು ಬೇಗ ಬೇಗ ಕಿಟಕಿ ಏರಿಸಿ ಹೊರಟ.

ಭಟ್ಟಿ ಕಣಿವೆಯ ತಳದಲ್ಲಿತ್ತು. ಬಿಳಿ ಗೋಡೆ, ಕಪ್ಪು ಬಾಗಿಲು, ಒಳಗೆ ಮನುಷ್ಯನ ಎರಡರಷ್ಟು ಎತ್ತರದ ತಾಮ್ರದ ಹಂಡೆಗಳು. ನೆನೆಸಿದ ಬಾರ್ಲಿಯನ್ನು ಹರಡುವ ನೆಲ, ಹೊಗೆಯಾಡಿಸುವ ಗೂಡು, ಹುಳಿ ಬರಿಸುವ ಮರದ ತೊಟ್ಟಿ ಎಲ್ಲವನ್ನೂ ಪುರಾಣಪ್ಪ ತೋರಿಸಿದ. ಪುಟ್ಟ ಪ್ರತಿಯೊಂದಕ್ಕೂ “ಗೊತ್ತು, ಓದಿದೀನಿ” ಎನ್ನುತ್ತಿದ್ದರು. ಗೋದಾಮಿನ ತಣ್ಣನೆಯ ಕತ್ತಲಲ್ಲಿ ಸಾಲು ಪೀಪಾಯಿಗಳ ನಡುವೆ ನಿಂತಾಗ ಮಾತ್ರ ಪುರಾಣಪ್ಪ ಒಂದು ಕ್ಷಣ ಸುಮ್ಮನಾದ. ಪ್ರತಿ ಸಲವೂ ಅಲ್ಲಿ ಅವನಿಗೆ ಹಾಗಾಗುತ್ತಿತ್ತು. ಒಂದು ಕಾಲಕ್ಕೆ ಈ ಬಾಗಿಲು ತೆರೆದರೆ ಸಾಕು, ವಾಸನೆ ಎದೆಗೆ ಬಂದು ಅಪ್ಪಿಕೊಳ್ಳುತ್ತಿತ್ತು. ಈಗ ಅದು ಬರೀ ತಂಪಾದ ಕೋಣೆ.

ಇನ್ನು ರುಚಿ ನೋಡುವ ಕೋಣೆಯ ವಿಷಯ. ಅಲ್ಲಿ ಕಣಿವೆಯ ಕಡೆಗೊಂದು ದೊಡ್ಡ ಕಿಟಕಿ ಇದೆ. ಕಿಟಕಿಯ ಕಟ್ಟೆಯ ಮೇಲೆ ಸದಾ ಒಂದು ತುಂಬಿದ ಗ್ಲಾಸು. ಬೆಟ್ಟದ ಮುಂದೆ ಹೊನ್ನಿನ ಬಣ್ಣದ ವಿಸ್ಕಿ ಇರುವ ಫೋಟೋ ಎಲ್ಲರಿಗೂ ಬೇಕಲ್ಲ, ಅದಕ್ಕೆ. ಮೊದಮೊದಲು ನಿಜವಾದ ವಿಸ್ಕಿಯನ್ನೇ ಇಡುತ್ತಿದ್ದರು. ಸಂಜೆಯೊಳಗೆ ಗ್ಲಾಸು ಬರಿದಾಗುತ್ತಿತ್ತು. ಆವಿಯಾಗಿ ಹೋಗುತ್ತದೆ ಎಂದು ಕೆಲಸದವರು ಹೇಳಿದರು. ಆವಿಗೆ ಬಾಯಿ ಇದೆ, ಯೂನಿಫಾರ್ಮೂ ಇದೆ ಎಂದು ಮ್ಯಾನೇಜರಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಅಂದಿನಿಂದ ಆ ಗ್ಲಾಸಿನಲ್ಲಿ ಹಾಲಿಲ್ಲದ, ಸಕ್ಕರೆಯಿಲ್ಲದ, ಸೋಸಿದ ತಣ್ಣನೆಯ ಚಹಾ. ಬಣ್ಣಕ್ಕೆ ಬಣ್ಣ, ಕಳ್ಳತನವೂ ಇಲ್ಲ.

ಅವತ್ತು ಗ್ಲಾಸಕ್ಕ ರಜೆಯಲ್ಲಿದ್ದಳು, ಮಗಳ ಹೆರಿಗೆ. ಅವಳ ಬದಲು ಟ್ರೇ ಜೋಡಿಸಲು ಬಂದವನು ಗೋದಾಮಿನ ಗುಮಾಸ್ತ. ಲೆಕ್ಕದ ಹಾಳೆಯ ಹೊರತು ಬೇರೇನನ್ನೂ ಜೋಡಿಸಿದವನಲ್ಲ. ಮೂರು ಗ್ಲಾಸು ತುಂಬಿಸಿದ. ನಾಲ್ಕನೆಯದಕ್ಕೆ ಇಪ್ಪತ್ತೊಂದು ವರ್ಷದ ಬಾಟಲಿ ಹುಡುಕಿದ, ಸಿಗಲಿಲ್ಲ. ತಿರುಗಿ ನೋಡಿದರೆ ಕಿಟಕಿಯ ಕಟ್ಟೆಯ ಮೇಲೆ ದಟ್ಟ ಬಣ್ಣದ ಒಂದು ಗ್ಲಾಸು ತುಂಬಿ ಕೂತಿದೆ. ‘ಓ, ಗ್ಲಾಸಕ್ಕ ನಿನ್ನೆಯೇ ಹಾಕಿಟ್ಟು ಹೋಗಿದಾಳೆ’ ಎಂದುಕೊಂಡು ಅದನ್ನೇ ಎತ್ತಿ ಟ್ರೇಯ ಬಲತುದಿಗೆ ಇಟ್ಟ. ಟ್ರೇಯನ್ನು ಮೇಜಿನ ಮೇಲಿಟ್ಟು ತನ್ನ ಕೆಲಸಕ್ಕೆ ಹೋದ.

ಪುಟ್ಟ ಮಖಮಲ್ಲಿನ ಸಂಚಿ ಬಿಚ್ಚಿದರು. ಮೊದಲ ಮೂರೂ ಸುಸೂತ್ರವಾಗಿ ನಡೆದವು. ಪುರಾಣಪ್ಪ ಗ್ಲಾಸು ಎತ್ತುತ್ತಿದ್ದ, ಏಳು ಎಣಿಸುತ್ತಿದ್ದ, “ಹಸಿರು ಸೇಬು” ಎನ್ನುತ್ತಿದ್ದ, “ಜೌಗು ಮಣ್ಣಿನ ಹೊಗೆ” ಎನ್ನುತ್ತಿದ್ದ. ಪುಟ್ಟ ತಮ್ಮ ಗ್ಲಾಸಿಗೆ ಸುರಿದುಕೊಂಡು ಹೌದು ಹೌದೆಂದು ತಲೆಯಾಡಿಸುತ್ತಿದ್ದರು.

ನಾಲ್ಕನೆಯದು ಬಂತು. ಪುರಾಣಪ್ಪ ಬಣ್ಣ ನೋಡಿದ. ಇಷ್ಟು ದಟ್ಟ ಬಣ್ಣ ಇಪ್ಪತ್ತೊಂದು ವರ್ಷದ್ದಕ್ಕೇ. ಇದಕ್ಕೆಂದು ಅವನು ಒಂಬತ್ತು ಎಣಿಸುತ್ತಿದ್ದ, ಗೌರವ.

“ಸಾರ್” ಎಂದು ದನಿ ಇಳಿಸಿದ. “ಇದು ಮಾತಾಡಲ್ಲ, ಪಿಸುಗುಟ್ಟುತ್ತೆ. ಹಳೇ ಮರದ ಪೆಟ್ಟಿಗೆ. ಅದರೊಳಗೆ ಯಾರೋ ಮಡಚಿಟ್ಟ ಉಣ್ಣೆ ಬಟ್ಟೆ. ಒಣದ್ರಾಕ್ಷಿ. ಕಟ್ಟಕಡೆಗೆ ಆರಿದ ಒಲೆ.”

ಪುಟ್ಟ ಮೂಸಿದರು. ಇನ್ನೊಮ್ಮೆ ಮೂಸಿದರು. ಹುಬ್ಬು ಗಂಟಾಯಿತು. ಪುರಾಣಪ್ಪನನ್ನು ನೋಡಿದರು. ಪುರಾಣಪ್ಪ, ‘ಸಿಗುತ್ತೆ, ಅವಸರ ಬೇಡ’ ಎಂಬಂತೆ ನಕ್ಕ.

“ತುಂಬಾ... ಸೂಕ್ಷ್ಮವಾಗಿದೆ” ಎಂದರು ಪುಟ್ಟ. “ಹೌದು, ಉಣ್ಣೆ. ಉಣ್ಣೆ ಸ್ಪಷ್ಟವಾಗಿದೆ.” ಇಷ್ಟು ಹೇಳಿ ಒಂದು ಗುಟುಕು ಬಾಯಿಗೆ ಹಾಕಿಕೊಂಡರು.

ಬಿಸಿತುಪ್ಪ ಉಗುಳಲೂ ಆಗದು ನುಂಗಲೂ ಆಗದು ಎನ್ನುತ್ತಾರೆ. ತಣ್ಣನೆಯ ಚಹಾ ಕೂಡ ಅದೇ ಗತಿ ತರಬಲ್ಲದೆಂದು ಅವತ್ತು ಪುಟ್ಟನ ಮುಖ ನೋಡಿದ್ದರೆ ತಿಳಿಯುತ್ತಿತ್ತು. ಅದು ಚಹಾ ಎಂದು ಅವರ ನಾಲಿಗೆ ಹೇಳುತ್ತಿತ್ತು. ಆದರೆ ಉಣ್ಣೆ ಸ್ಪಷ್ಟವಾಗಿದೆ ಎಂದು ಹೇಳಿದ್ದೂ ಅದೇ ನಾಲಿಗೆ. ಓದಿದ ಪುಸ್ತಕಗಳೆಲ್ಲ ತಲೆಯೊಳಗೆ ಪಟಪಟನೆ ಮಗುಚಿಕೊಂಡವು. ಕೊನೆಗೆ ನುಂಗಿದರು.

“ಗಂಟಲು ಸುಡೋದೇ ಇಲ್ಲ!” ಎಂದರು.

“ಅದೇ ಸಾರ್ ವಯಸ್ಸು ಅಂದ್ರೆ” ಎಂದ ಪುರಾಣಪ್ಪ.

“ಅದ್ಭುತ. ನೀರು ಕುಡಿದ ಹಾಗಿದೆ.”

“ಕೊಡು ಪುಟ್ಟ ಇಲ್ಲಿ” ಎಂದರು ಹೆಡ್‌ಮೇಡಂ. ಅಲ್ಲಿಯವರೆಗೆ ಅವರು ಒಂದು ಗ್ಲಾಸನ್ನೂ ಮುಟ್ಟಿರಲಿಲ್ಲ. ತಮ್ಮನ ಗ್ಲಾಸು ತೆಗೆದುಕೊಂಡು ಒಂದೇ ಸಲ ಮೂಗಿನ ಹತ್ತಿರ ಹಿಡಿದರು. ಆಮೇಲೆ ಪುರಾಣಪ್ಪನ ಮುಖ ನೋಡಿದರು, ತಮ್ಮನ ಮುಖ ನೋಡಿದರು. ಗ್ಲಾಸು ಕೆಳಗಿಟ್ಟರು. “ಚೆನ್ನಾಗಿದೆ. ಸ್ವಲ್ಪ ಹೆಚ್ಚು ಹೊತ್ತು ಕುದಿಸಿದಾರೆ.”

“ಅಕ್ಕ, ವಿಸ್ಕೀನ ಕುದಿಸಲ್ಲ, ಭಟ್ಟಿ ಇಳಿಸ್ತಾರೆ” ಎಂದು ಪುಟ್ಟ ನಾಚಿಕೆಯಿಂದ ತಿದ್ದಿದರು. ಪುರಾಣಪ್ಪನ ಕಡೆ ತಿರುಗಿ, “ಅವಳಿಗೆ ಇದೆಲ್ಲ ಗೊತ್ತಾಗಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತಾರಲ್ಲ” ಎಂದು ಮೆಲ್ಲಗೆ ಹೇಳಿದರು. ಇಪ್ಪತ್ತೊಂದು ವರ್ಷದ್ದೇ ಬೇಕೆಂದು ಹಟ ಹಿಡಿದು ಅಂಗಡಿಯಿಂದ ಎರಡು ಬಾಟಲಿ ತರಿಸಿಕೊಂಡರು.

ಹೊರಡುವಾಗ ಪುರಾಣಪ್ಪ ಅಭ್ಯಾಸಬಲದಿಂದ ಕಿಟಕಿಯ ಕಡೆ ನೋಡಿದ. ಕಟ್ಟೆಯ ಮೇಲೆ ಗ್ಲಾಸಿರಲಿಲ್ಲ. ಅದು ಕೂತಿದ್ದ ಜಾಗದಲ್ಲಿ ಧೂಳಿನ ನಡುವೆ ದುಂಡಗಿನ ಒಂದು ಗುರುತು ಮಾತ್ರ. ಗುರುತು ನೋಡಿದ, ಟ್ರೇ ನೋಡಿದ, ಮತ್ತೆ ಗುರುತು ನೋಡಿದ. ‘ಕುದಿಸಿದಾರೆ’ ಎಂಬ ಮಾತು ಆಗ ತಲೆಗೆ ಹೋಯಿತು. ಆ ಹೆಂಗಸು ಒಂದು ಸಾಲು ಬರೆದರೆ ಸಾಕು, ಗಾಜಿನ ಮೇಲಿನ ಮೂಗು ನಾಳೆಯೇ ಕೆಳಗಿಳಿಯುತ್ತದೆ. ಅವರ ಮುಖ ನೋಡದೆಯೇ ವ್ಯಾನಿನ ಬಾಗಿಲು ತೆರೆದು ಹಿಡಿದ.

ಮೂರು ಗ್ಲಾಸು ನಿಜವಾದ ವಿಸ್ಕಿ ಪುಟ್ಟನನ್ನು ಹತ್ತು ನಿಮಿಷದಲ್ಲಿ ಮಲಗಿಸಿತು. ಎರಡು ಬಾಟಲಿಗಳನ್ನು ಮಗುವಿನ ಹಾಗೆ ತಬ್ಬಿಕೊಂಡು ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯತೊಡಗಿದರು. ಕೆರೆಯ ಬಳಿ ಹೆಡ್‌ಮೇಡಂ ವ್ಯಾನು ನಿಲ್ಲಿಸಲು ಹೇಳಿದರು. ಇಳಿದು ಕೆರೆ ನೋಡುತ್ತಾರೆಂದುಕೊಂಡರೆ, ಮುಂದಿನ ಸೀಟಿಗೆ ಬಂದು ಕೂತರು.

“ಎಷ್ಟು ದಿನದಿಂದ?” ಎಂದರು.

“ಏನು ಮೇಡಂ?”

“ಮೂವತ್ತೆಂಟು ವರ್ಷ ಪಾಠ ಮಾಡಿದೀನಪ್ಪ. ಓದ್ಕೊಂಡು ಬಂದ ಹುಡುಗ ಉತ್ತರ ಹೇಳೋವಾಗ ಎಲ್ಲೋ ನೋಡ್ತಾ ಹೇಳ್ತಾನೆ. ಓದದೇ ಬಂದವನು ನನ್ನ ಮುಖಾನೇ ನೋಡ್ತಾ ಹೇಳ್ತಾನೆ. ನೀವು ಗ್ಲಾಸ್ ಮೂಸಿ ಕಣ್ಣು ಬಿಟ್ಟ ತಕ್ಷಣ ಪುಟ್ಟನ ಮುಖ ನೋಡ್ತಿದ್ರಿ.”

ಪುರಾಣಪ್ಪ ವ್ಯಾನು ಹೊರಡಿಸಿದ. ಸೇತುವೆ ಬಂತು, ಹೋಯಿತು, ಅದರ ಕಥೆಯೂ ನೆನಪಾಗಲಿಲ್ಲ. ಆಮೇಲೆ ಎಲ್ಲವನ್ನೂ ಹೇಳಿದ. ಜ್ವರ, ಡಾಕ್ಟರು, ಏಣಿ, ಪೋಸ್ಟರು. ಎರಡು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಹೇಳುತ್ತ ಹೋದಂತೆ ಬೆನ್ನಿನ ಮೇಲಿಂದ ಯಾರೋ ಒಂದೊಂದೇ ಪೀಪಾಯಿ ಇಳಿಸಿದ ಹಾಗೆ ಹಗುರವಾಯಿತು.

“ನೀವು ಆಫೀಸಿಗೆ ಬರೀತೀರಾ ಮೇಡಂ?”

“ಬರೆದ್ರೆ ಪುಟ್ಟನ ಮಾನ ಏನಾಗಬೇಕು? ಚಹಾ ಕುಡಿದು ಉಣ್ಣೆ ಅಂದಿದಾನೆ.” ಹಿಂದಕ್ಕೆ ತಿರುಗಿ ತಮ್ಮನನ್ನೊಮ್ಮೆ ನೋಡಿದರು. “ಮನೇಲಿ ಗೊತ್ತಾ?”

“ಇಲ್ಲ ಮೇಡಂ. ಎರಡು ವರ್ಷ ಸುಳಿವೇ ಕೊಟ್ಟಿಲ್ಲ” ಎಂದ ಪುರಾಣಪ್ಪ, ಸ್ವಲ್ಪ ಹೆಮ್ಮೆಯಿಂದಲೇ.

ಹೆಡ್‌ಮೇಡಂ “ಹೂಂ” ಎಂದರು. ಹೋಟೆಲಿನ ಮುಂದೆ ಇಳಿಯುವಾಗ, “ಮನೇಲಿ ಹೇಳಿ. ಒಳ್ಳೇದು” ಎಂದರು.

ವ್ಯಾನು ತೊಳೆದು ಆಫೀಸಿನ ಮುಂದೆ ನಿಲ್ಲಿಸುವಷ್ಟರಲ್ಲಿ ಭಾವಮೈದ ಓಡಿ ಬಂದ. ಎಚ್ಚರವಾದ ಪುಟ್ಟ ಹೋಟೆಲಿನಿಂದಲೇ ಫೋನಿನಲ್ಲಿ ಪ್ರಶಂಸೆ ಬರೆದು ಹಾಕಿದ್ದರು. ‘ಇಂಥ ಮೂಗು ಪುಸ್ತಕದಲ್ಲೂ ಸಿಗದು. ಇಪ್ಪತ್ತೊಂದು ವರ್ಷದ ವಿಸ್ಕಿಯಲ್ಲಿ ಉಣ್ಣೆಯನ್ನು ತೋರಿಸಿಕೊಟ್ಟ ಮಹಾನುಭಾವ.’

“ಭಾವ, ಭಟ್ಟಿ ಮ್ಯಾನೇಜರೂ ಓದಿದಾರೆ. ಮುಂದಿನ ತಿಂಗಳಿಂದ ಪೀಪಾಯಿ ಆರಿಸೋಕೆ ನಿಮ್ಮನ್ನೇ ಕರೀತಾರಂತೆ!” ಎಂದು ಭಾವಮೈದ ಅವನ ಎರಡೂ ಕೈ ಹಿಡಿದು ಕುಲುಕಿದ. ಪುರಾಣಪ್ಪ ಇಂಗು ತಿಂದ ಮಂಗನಂತೆ ನಕ್ಕು, ಬೆನ್ನು ನೋವೆಂದು ಹೇಳಿ ಮನೆಗೆ ನಡೆದ. ಹೇಳಿಬಿಡಬೇಕು ಎಂದು ದಾರಿಯಲ್ಲಿ ನಿರ್ಧಾರ ಮಾಡಿದ. ಯಾರೋ ದಾರಿಹೋಕ ಹೆಂಗಸಿಗೆ ಹೇಳಿದ್ದಕ್ಕೇ ಇಷ್ಟು ಹಗುರವಾದರೆ, ಕಟ್ಟಿಕೊಂಡವಳಿಗೆ ಹೇಳಿದರೆ ಇನ್ನೆಷ್ಟು ಆಗಬೇಡ. ಮುಂದೆ ಏನು ಮಾಡುವುದೆಂದು ಇಬ್ಬರೂ ಕೂತು ಯೋಚಿಸಬಹುದು.

ಹೆಂಡತಿ ಬಂದಾಗ ಹೊರಗೆ ಇನ್ನೂ ಬೆಳಕಿತ್ತು. ಬಾಗಿಲ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಳು. ಅವನು ಒಳಗಿನ ಬೆಂಚಿನ ಮೇಲೆ ಕೂತಿದ್ದ.

“ನಿಂಗೊಂದು ವಿಷಯ ಹೇಳ್ಬೇಕು. ಬೇಜಾರು ಮಾಡ್ಕೋಬೇಡ” ಎಂದು ಶುರುಮಾಡಿದ. “ಆ ಜ್ವರ ಬಂದಿತ್ತಲ್ಲ...”

“ವಾಸನೆ ಬರಲ್ಲ” ಎಂದಳು. ತಲೆ ಎತ್ತಲಿಲ್ಲ, ಎಡಗಾಲಿನ ಬೂಟು ಬಿಗಿಯಾಗಿತ್ತು. “ಗೊತ್ತು.”

“ಗೊತ್ತಾ? ಯಾವಾಗಿಂದ?”

“ಜ್ವರ ಬಿಟ್ಟು ಏಳು ದಿನಕ್ಕೆ.” ಬೂಟು ಬಂತು. ಅದನ್ನು ಗೋಡೆಗೆ ಒರಗಿಸಿಟ್ಟಳು. “ಮದುವೆಯಾದಾಗಿಂದ ನಾನು ಬಾಗಿಲಿಗೆ ಬಂದ ಕೂಡ್ಲೇ ಏನಂತಿದ್ರಿ? ‘ಮೀನು ವಾಸನೆ, ದೂರ ದೂರ, ಮೊದಲು ಬಚ್ಚಲಿಗೆ ನಡಿ’ ಅಂತಿದ್ರಿ. ದಿನಾ. ತಮಾಷೆಗೇ ಅಂತಿದ್ರಿ, ಆದರೂ ದಿನಾ. ಜ್ವರದಿಂದ ಎದ್ದ ಮೇಲೆ ಒಂದಿನ ಬಂದೆ. ನೀವು ಬೆಂಚಲ್ಲಿ ಜಾಗ ಮಾಡಿ, ‘ಬಾ, ಕೂತ್ಕೋ, ದಣಿದಿದೀಯ’ ಅಂದ್ರಿ. ಬೂಟಲ್ಲೇ ಬಂದು ಕೂತೆ. ತಲೆ ಮೇಲೆ ಕೈಯಿಟ್ರಿ.”

ಪುರಾಣಪ್ಪನಿಗೆ ಅದು ನೆನಪೇ ಇರಲಿಲ್ಲ.

“ಆರು ದಿನ ಎಷ್ಟು ಖುಷಿಯಾಗಿದ್ದೆ ಗೊತ್ತೇನ್ರಿ? ಶೆಡ್ಡಲ್ಲಿ ಎಲ್ಲರ ಹತ್ರ ಹೇಳ್ಕೊಂಡೆ. ನಮ್ಮನೆಯವರು ಸಾಯೋಕೆ ಹೋಗಿ ವಾಪಸ್ ಬಂದ್ರಲ್ಲ, ಈಗ ನನ್ನ ಕಂಡ್ರೆ ಪ್ರಾಣ ಅಂತ. ಏಳನೇ ದಿನ ಒಲೆ ಮೇಲೆ ಹಾಲು ಸೀದು ಹೋಯ್ತು. ನಾನು ಹಿತ್ತಿಲಿಂದ ಓಡಿ ಬಂದೆ. ನೀವು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಿ.”

ಪುರಾಣಪ್ಪ ಏನಾದರೂ ಹೇಳಬೇಕಿತ್ತು. ಹಂದಿಯ ಗೊಬ್ಬರಕ್ಕೂ ಮಾತು ಸಿಕ್ಕವನಿಗೆ ಇಲ್ಲಿ ಸಿಕ್ಕಿದ್ದು ಒಂದೇ.

“ನಿನ್ನ ತಮ್ಮನಿಗೆ ಹೇಳಿದೀಯಾ?”

ಅವಳು ಆಗ ತಲೆ ಎತ್ತಿ ನೋಡಿದಳು. ಹೇಳಿದ ಮಾತನ್ನು ವಾಪಸು ತೆಗೆದುಕೊಳ್ಳುವಂತಿದ್ದರೆ ಪುರಾಣಪ್ಪ ಆ ಕ್ಷಣ ತೆಗೆದುಕೊಂಡುಬಿಡುತ್ತಿದ್ದ.

“ಇಲ್ಲ” ಎಂದಳು. “ಶೆಡ್ಡಿನವರಿಗೂ ಹೇಳಲಿಲ್ಲ. ಈಗಲೂ ಕೇಳ್ತಾರೆ, ನಿಮ್ಮನೆಯವರು ಹೇಗಿದಾರೆ ಅಂತ. ನಾನು ಬಂದ ಕೂಡ್ಲೇ ಪಕ್ಕದಲ್ಲಿ ಕೂರಿಸ್ಕೋತಾರೆ ಅಂತೀನಿ. ಅವರಿಗೆಲ್ಲ ನನ್ನ ಕಂಡ್ರೆ ಹೊಟ್ಟೆಕಿಚ್ಚು.”

ಪುರಾಣಪ್ಪ ಬೆಂಚಿನ ತುದಿಗೆ ಸರಿದ. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು. “ಬಾ, ಕೂತ್ಕೋ” ಎಂದ. ನಿಜವಾಗಿ ಅಂದ. ಅವನಿಗೆ ಅವಳು ಪಕ್ಕದಲ್ಲಿ ಬೇಕೇ ಬೇಕಾಗಿತ್ತು.

ಅವಳು ಮೆಟ್ಟಿಲಿನಿಂದ ಎದ್ದು ಒಳಗೆ ಬಂದಳು. ಬೆಂಚಿನ ಮುಂದೆ ನಿಂತು ಅವನ ಮುಖವನ್ನು ಬಹಳ ಹೊತ್ತು ನೋಡಿದಳು, ಅಲ್ಲಿ ಏನೋ ಬರೆದಿದ್ದಂತೆ, ಅದನ್ನು ಓದಲು ಬೆಳಕು ಸಾಲದಂತೆ.

“ಮೊದಲು ಸ್ನಾನ ಮಾಡ್ಕೊಂಡು ಬರ್ತೀನಿ” ಎಂದು ಹೇಳಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.